ಗುಂಡಿಯ ಮೇಲಿನ ಕುಂಕುಮ

ಸಂಜೀವಪ್ಪನ ಆರ್ಕೆಸ್ಟ್ರಾದಲ್ಲಿ ಗಿಟಾರಿನ ಜಾಗ ಖಾಲಿಯಾಗಿದೆ ಎಂದು ತಿಳಿದಾಗಿನಿಂದ ದೊಡ್ಡಬಳ್ಳಾಪುರದ ರಾಜೇಂದ್ರನಿಗೆ ಊಟ ಸೇರುತ್ತಿರಲಿಲ್ಲ. ಮೀಸೆ ಚಿಗುರುವ ಮೊದಲೇ ಪವರ್‌ಲೂಮಿನ ಮುಂದೆ ನಿಂತವನು. ಈ ಜಾಗ ಸಿಕ್ಕರೆ ಮಗ್ಗ ಬಿಡಬಹುದು. ಸಿಗದಿದ್ದರೆ ಸಾಯುವತನಕ ಅದೇ ಟಕಟಕ.

ಸಂಜೀವಪ್ಪ ಕೇಳಿದ್ದು ಒಂದೇ. "ಈಗಿನ ಹಾಡ್ಗಳಲ್ಲಿ ಗಿಟಾರು ಗಂಟಲು ಹರ್ಕೊಂಡು ಕೂಗ್ತದಲ್ಲಪ್ಪ, ಅದು ಬೇಕು. ಭಾನುವಾರ ಬಂದು ಕೇಳ್ತೀನಿ."

ರಾಜೇಂದ್ರನ ಹತ್ತಿರ ಇದ್ದದ್ದು ಬೆಂಗಳೂರಿನ ಗುಜರಿಯಲ್ಲಿ ಹಿಡಿದ ಹಳೇ ವಾಲ್ವ್ ಆಂಪ್ಲಿಫೈಯರ್. ಕೂಗುವ ಜಾತಿಯದಲ್ಲ. ರೇಡಿಯೊ ರಿಪೇರಿ ಬಲ್ಲವನು, ಹಿಂಬದಿ ಬಿಚ್ಚಿಕೊಂಡು ಕೂತ. ಸೋಮವಾರ ಮೊದಲ ವಾಲ್ವಿನ ರೆಸಿಸ್ಟರ್ ಬದಲಾಯಿಸಿದ ಮೇಲೆ ದನಿ ಒಡೆದು ಗರಗರ ಎಂದಿತು. ಆದರೆ ಹುಡುಗನಾಗಿದ್ದಾಗ ರೇಡಿಯೊದಲ್ಲಿ ಕೇಳಿ ತಲೆಯಲ್ಲಿ ಉಳಿದಿದ್ದ ಗಿಟಾರಿನ ದನಿ ಅದಲ್ಲ. ಇದು ಕಂಬಳಿ ಹೊದ್ದು ಕೂಗಿದ ಹಾಗಿತ್ತು. ಚೂಪಾಗಲೆಂದು ವಾಲ್ಯೂಮ್ ಗುಂಡಿಗೆ ಅಡ್ಡಲಾಗಿ ಪುಟ್ಟ ಕೆಪಾಸಿಟರ್ ಬೆಸುಗೆ ಹಾಕಿದ. ಸಾಲದು. ಇನ್ನೊಂದು ಹಾಕಿದ. ಅದೂ ಸಾಲದು.

"ಸೋಮವಾರವೇ ಸರಿಯಾಗಿತ್ತು ಕಣ್ರೀ," ಎಂದಳು ಹೆಂಡತಿ ಕದಿರಮ್ಮ. "ಈಗ ಕಿವಿಗೆ ಚುಚ್ಚಿದಂಗಾಗ್ತದೆ."

"ನಿಂಗೇನೇ ಗೊತ್ತು, ಸುಮ್ನಿರು."

ಅವಳು ಒಲೆಯ ಕಡೆ ಹೋದಳು. ಹಟ ಹಿಡಿದ ಗಂಡಸಿಗೆ ಹೇಳಿ ಬಾಯಿ ನೋಯಿಸಿಕೊಳ್ಳುವವರು ಯಾರು?

ಭಾನುವಾರ ಸಂಜೀವಪ್ಪ ಬಂದು ಚಾಪೆಯ ಮೇಲೆ ಕೂತ. ರಾಜೇಂದ್ರ ತಂತಿ ಮೀಟಿದ. ಸಂಜೀವಪ್ಪ ಎರಡೂ ಕಿವಿ ಮುಚ್ಚಿಕೊಂಡ.

"ನಿಲ್ಸಪ್ಪ, ನಿಲ್ಸು. ತಗಡು ಗೀಚ್ದಂಗೈತೆ. ಜನ ಎದ್ದೋಯ್ತಾರೆ."

"ಇಲ್ಲ ಸಾರ್, ಇನ್ನೂ ಮಂಕಾಗೈತೆ. ನಿಮ್ಮ ದಮ್ಮಯ್ಯ, ಒಂದ್ನಿಮಿಷ ಕೊಡಿ, ಇನ್ನೊಂದು ಹಾಕ್ತೀನಿ."

ಸಂಜೀವಪ್ಪ ಎದ್ದೇಬಿಟ್ಟ. ಅಷ್ಟರಲ್ಲಿ ಅವನೂ ಕದಿರಮ್ಮನೂ ಒಟ್ಟಿಗೇ ಸಂಜೀವಪ್ಪನ ಕೈಗಡಿಯಾರದ ಕಡೆ ನೋಡಿದರು.

"ಏನು?" ಎಂದ ರಾಜೇಂದ್ರ.

"ವಾಚು ಕೀ ಕೀ ಅಂತೈತಲ್ಲ, ಕೇಳ್ಸಲ್ವ?" ಎಂದ ಸಂಜೀವಪ್ಪ.

ರಾಜೇಂದ್ರ ಆ ಎಲೆಕ್ಟ್ರಾನಿಕ್ ವಾಚನ್ನು ಬಿಚ್ಚಿಸಿ ಕಿವಿಗೆ ಒತ್ತಿಕೊಂಡ. ಏನೂ ಇಲ್ಲ. ಇನ್ನೊಂದು ಕಿವಿಗೆ ಒತ್ತಿದ. ಅಲ್ಲೂ ಇಲ್ಲ. ಇಷ್ಟು ವರ್ಷ ಮಗ್ಗ ಕೂಲಿ ಕೊಟ್ಟು ಚೂಪು ದನಿ ಕೇಳುವ ಕಿವಿಯನ್ನೇ ಕಿತ್ತುಕೊಂಡಿತ್ತು ಎಂಬುದು ಈಗ ಅವನಿಗೆ ಗೊತ್ತಾಯಿತು.

"ಕದ್ರೀ," ಎಂದ, "ಸೋಮವಾರ ಸರಿಯಿತ್ತು ಅಂದ್ಯಲ್ಲ?"

ಪ್ಲಗ್ಗು ಕಿತ್ತು, ಸೋಮವಾರದ ಆಮೇಲೆ ಹಾಕಿದ್ದ ಕೆಪಾಸಿಟರುಗಳನ್ನೆಲ್ಲ ಕತ್ತರಿಸಿ ತೆಗೆದ. ಮತ್ತೆ ಮೀಟುತ್ತಿದ್ದಂತೆ ಕದಿರಮ್ಮ ಗುಂಡಿಯನ್ನು ಅತ್ತ ಇತ್ತ ತಿರುಗಿಸಿ ಒಂದು ಕಡೆ ನಿಲ್ಲಿಸಿದಳು. ಸಂಜೀವಪ್ಪನ ಮುಖ ಅರಳಿತು.

"ಇದು ಕಣಪ್ಪ ಇದು. ಬುಧವಾರ ಬಂದ್ಬಿಡು, ಜಾಗ ನಿಂದೇ."

ಅವನು ಹೋದ ಮೇಲೆ ಕದಿರಮ್ಮ ಗುಂಡಿ ನಿಂತ ಜಾಗಕ್ಕೆ ಕುಂಕುಮದ ಗುರುತು ಇಟ್ಟಳು. ರಾಜೇಂದ್ರ ಇನ್ನೂ ಬಾರಿಸುತ್ತಲೇ ಇದ್ದ. ಅವನಿಗೆ ಕೇಳುತ್ತಿದ್ದುದು ಅದೇ ಕಂಬಳಿಯೊಳಗಿನ ಕೂಗು.

"ಹೆಂಗೈತೆ ಅಂತ ಒಂಚೂರು ಹೇಳೇ," ಎಂದ.

ಅವಳು ಕಣ್ಣು ಮುಚ್ಚಿ ತಲೆದೂಗಿದಳು. ಅವನು ಅವಳ ಮುಖ ನೋಡುತ್ತಲೇ ಬಾರಿಸಿದ.