ಮೊದಲ ಅಂಕಿ ಎರಡು ಸಲ

ಸೋಲು ಅನ್ನುವುದು ಮುನೀರಾಳ ಜಾತಕದಲ್ಲೇ ಇರಲಿಲ್ಲ. ಕನಿಷ್ಠ ಹಾಗಂತ ಅವಳ ನಂಬಿಕೆ. ಜಬಲ್ ಮಿಸ್ಕ್ ಫಾಸ್ಫೇಟ್ ಗಣಿಯಿಂದ ಸ್ಫಾಕ್ಸ್ ಬಂದರಿಗೆ ಇದ್ದ ಕಂಪನಿಯ ಸ್ವಂತ ಫೋನ್ ಸಾಲು ಸತ್ತಿದೆ ಎಂದು ಗಣಿಯ ಹೊಸ ಮ್ಯಾನೇಜರ್ ನೌಫಲ್ ದೂರು ಕೊಟ್ಟಾಗ, "ಈ ವಾರವೇ ಸರಿಮಾಡ್ತೀನಿ" ಎಂದು ಮಾತು ಕೊಟ್ಟೇ ಬಂದರಿನಿಂದ ಹೊರಟಿದ್ದಳು. ತಪ್ಪಿದರೆ ಗಣಿಯ ಹಳೆ ಎಕ್ಸ್‌ಚೇಂಜಿಗೆ ಬೀಗ, ಅದನ್ನು ನೋಡಿಕೊಳ್ಳುವ, ಎಲ್ಲರೂ ಗೌರವದಿಂದ 'ಸೀ' ಎಂದು ಕರೆಯುವ ಮೊಂಜಿಗೆ ಮನೆ ದಾರಿ. ಅವಳಿಗೆ ಫೋನ್ ರಿಪೇರಿ ಕೆಲಸ ಕಲಿಸಿದವರು ಅವರೇ.

ರೋಗ ಹಿಡಿಯಲು ಹೊತ್ತಾಗಲಿಲ್ಲ. ಹಳೆ ಎಕ್ಸ್‌ಚೇಂಜು ಆತುರಗಾರ. ಸಾಲು ಸಿಕ್ಕಿದ್ದೇ ಅಂಕಿ ತಳ್ಳುತ್ತದೆ. ಬಂದರಿನಲ್ಲಿ ಕೂರಿಸಿದ ಹೊಸದು ಗತ್ತಿನದು. "ನಾನು ಸಿದ್ಧ" ಎಂದು ಸಂಜ್ಞೆ ಕೊಟ್ಟ ಮೇಲೇ ಕಿವಿ ತೆರೆಯುತ್ತದೆ. ಅಷ್ಟರಲ್ಲಿ ಮೊದಲ ಅಂಕಿ ನೀರುಪಾಲು. ಸಂಜ್ಞೆಗಿಂಜ್ಞೆ ಬಿಟ್ಟು ಸಾಲು ಹಿಡಿದ ತಕ್ಷಣ ಕಿವಿ ತೆರೆಯುವಂತೆ ಮುನೀರಾ ಬಂದರಿನ ಗೆಳತಿಗೆ ಹೇಳಿ ಬದಲಾಯಿಸಿದಳು. ನೌಫಲ್ ನಾಲ್ಕು, ಒಂದು, ಎರಡು ತಿರುಗಿಸಿದ. ಬಂದರಿನ ಡಾಕ್ಟರು ಸಿಕ್ಕರು. ಮೊಂಜಿ ಮಾತ್ರ ಗಡ್ಡ ಕೆರೆದುಕೊಂಡರು.

ಮರುದಿನ ಮೇಸ್ತ್ರಿ ಲಝರ್ ಏದುಸಿರು ಬಿಡುತ್ತಾ ನುಗ್ಗಿದ.

"ಏನಮ್ಮಾ ಮಾಡಿಟ್ಟಿದ್ದೀಯ? ಕೆಲಸದ ಹುಡುಗನ ಕೈ ಅದಿರು ಸಾಗಿಸೋ ಬೆಲ್ಟಿಗೆ ಸಿಕ್ಕಿದೆ. ಡಾಕ್ಟರಿಗೆ ಮಾಡಿದ್ರೆ ಬಂದರಿನ ಅಡುಗೆಮನೆ ಮಬ್ರೂಕಾ ಎತ್ತಿ, 'ಇವತ್ತು ಕುಸ್‌ಕುಸ್' ಅಂತಾಳೆ!"

ಮುನೀರಾ ತಾನೇ ತಿರುಗಿಸಿದಳು. ಡಾಕ್ಟರು ಸಿಕ್ಕರು, ಹುಡುಗನನ್ನು ಕರೆದೊಯ್ಯಲು ಗಾಡಿ ಹೊರಟಿತು. ಅವಳು ಫೋನನ್ನು ಲಝರ್ ಮುಂದೆ ತಳ್ಳಿದಳು.

"ನೀನು ಹೇಗೆ ತಿರುಗಿಸ್ದೆ, ತೋರಿಸು."

ಲಝರ್ ತೋರಿಸಿದ. ನಾಲ್ಕು, ಮತ್ತೆ ನಾಲ್ಕು, ಒಂದು, ಎರಡು. ಈಗ ಹೊಸ ಎಕ್ಸ್‌ಚೇಂಜು ಮೊದಲ ಮೂರೂ ಅಂಕಿ ಕೇಳಿಸಿಕೊಂಡು, ನಾನೂರ ನಲವತ್ತೊಂದು ಎಂದು ತಿಳಿದು, ಅಡುಗೆಮನೆಗೆ ಗಂಟೆ ಬಾರಿಸುತ್ತಿತ್ತು.

"ಎಲ್ರೂ ಹೀಗೇ ತಿರುಗಿಸ್ತೀರಾ?"

"ಮತ್ತೆ ಹೇಗೆ ತಿರುಗಿಸ್ಬೇಕು?"

ಅವಳು ಮೊಂಜಿಯ ಕಡೆ ತಿರುಗಿದಳು. "ನೀವಾದ್ರೂ ಹೇಳ್ಬಾರ್ದಾ, ಸೀ ಮೊಂಜಿ?"

"ಒಳಗೆ ಬರೋ ಮೊದ್ಲು ಬಾಗಿಲು ತಟ್ಟಬೇಕು ಅಂತ ಯಾರಾದ್ರೂ ಹೇಳ್ತಾರಾ ಮಗಳೇ? ನಿಂಗೂ ಗೊತ್ತಿರತ್ತೆ ಅಂದ್ಕೊಂಡೆ."

ಮುನೀರಾಳ ಮುಖ ಕೆಂಪಾಯಿತು. ಸಾಲು ನೋಡಿದ್ದಳು, ಬೆರಳು ನೋಡಿರಲಿಲ್ಲ. ಹೊಸ ಯಂತ್ರ ಬಂದಂದಿನಿಂದ, ಮೊದಲ ಅಂಕಿ ಕಳೆದುಹೋಗುತ್ತದೆಂದು ಅದನ್ನೇ ಎರಡು ಸಲ ತಿರುಗಿಸುವುದನ್ನು ಗಣಿಯ ಇಡೀ ಗುಡ್ಡ ರೂಢಿ ಮಾಡಿಕೊಂಡಿತ್ತು. ದೂರು ಕೊಟ್ಟವನು ಒಬ್ಬನೇ, ಮೊನ್ನೆ ಮೊನ್ನೆ ಬಂದವನು.

ನೌಫಲನ ಪರಿಹಾರ ಸುಲಭದ್ದು. "ನೋಟೀಸ್ ಅಂಟಿಸಿ. ಕಲ್ತುಕೊಳ್ಳಲಿ."

ಅಂಟಿಸಿದ್ದರೆ ಅವಳ ಮಾತು ಉಳಿಯುತ್ತಿತ್ತು, ಎಕ್ಸ್‌ಚೇಂಜೂ ಉಳಿಯುತ್ತಿತ್ತು. ಆದರೂ ಅವಳು ಬಂದರಿಗೆ ಫೋನ್ ಮಾಡಿ, "ಮೊದಲಿದ್ದ ಹಾಗೇ ಇಡು" ಎಂದಳು. ಸುದ್ದಿ ಕೇಳಿ ಸಂಜೆ ನೌಫಲ್ ಬೀಗ ಹಿಡಿದೇ ಬಂದ.

"ಸರಿ ಇದ್ದದ್ದನ್ನ ಮತ್ತೆ ಕೆಡಿಸಿದ್ರಂತೆ?"

"ಕೆಡಿಸಿದ್ದು ನಿನ್ನೆ. ಇವತ್ತು ಸರಿಮಾಡ್ದೆ," ಎಂದಳು ಮುನೀರಾ. ದನಿ ಗಟ್ಟಿಯಾಗಿತ್ತು. "ಪಕ್ಕದವನ ಕೈ ಜಜ್ಜಿಹೋದಾಗ ಯಾರೂ ನೋಟೀಸ್ ಓದ್ತಾ ನಿಲ್ಲಲ್ಲ, ಸೀ ನೌಫಲ್. ಬೆರಳು ರೂಢಿ ಇದ್ದ ಕಡೆ ಹೋಗತ್ತೆ. ಇಡೀ ಗಣಿಗೆ ಹೊಸದಾಗಿ ಕಲಿಸೋದಕ್ಕಿಂತ ನಿಮಗೊಬ್ರಿಗೆ ಕಲಿಸೋದು ಸಲೀಸು. ಬೀಗ ಹಾಕೋದಾದ್ರೆ ಹಾಕಿ. ಅದಕ್ಕೆ ಮೊದ್ಲು ಒಂದ್ಸಲ ತಿರುಗಿಸಿ ನೋಡಿ. ಮೊದಲ ಅಂಕಿ ಎರಡು ಸಲ."

ನೌಫಲ್ ಅವಳನ್ನು ದುರುಗುಟ್ಟಿ ನೋಡಿದ. ಕೊನೆಗೆ ಬೀಗ ಮೇಜಿನ ಮೇಲಿಟ್ಟು ರಿಸೀವರ್ ಎತ್ತಿದ. ನಾಲ್ಕು, ನಾಲ್ಕು, ಒಂದು, ಎರಡು. ಡಾಕ್ಟರೇ ಎತ್ತಿದರು. ನೌಫಲ್ ಮೊದಲು ಕೇಳಿದ್ದು ಹುಡುಗನ ಕೈ ಬಗ್ಗೆ.

"ಎರಡು ಬೆರಳು ಹೋಯ್ತು, ಕೈ ಉಳೀತು," ಎಂದರು ಡಾಕ್ಟರು. "ಇನ್ನೊಂಚೂರು ತಡವಾಗಿದ್ರೆ ಕೈಯೂ ಹೋಗ್ತಿತ್ತು."

ನೌಫಲ್ ರಿಸೀವರ್ ಇಟ್ಟು ಬೀಗವನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಮೊಂಜಿಯನ್ನು ಕೇಳಿದ.

"ಈ ಗುಡ್ಡದಲ್ಲಿ ಎಲ್ರಿಗೂ ಗೊತ್ತಿದ್ದು ನಂಗೊಬ್ನಿಗೇ ಗೊತ್ತಿಲ್ಲದ್ದು ಇನ್ನೂ ಏನೇನಿದೆ?"

ಮೊಂಜಿ ಕುರ್ಚಿ ಎಳೆದು ಕೊಟ್ಟರು. "ಕೂತ್ಕೊಳ್ಳಿ. ಚಹಾ ತರಿಸ್ತೀನಿ. ಹೊತ್ತು ಹಿಡಿಯತ್ತೆ."