ಹುದ್ದೆ: ಅಜ್ಜಿ

ತಪಾಸಣೆ ಯಂತ್ರದ ಪರದೆಯ ಮೇಲೆ ಒಂದು ಕೈಚೀಲ ಮೂಡಿತು. ಅದರೊಳಗೆ ಇನ್ನೊಂದು ಚೀಲ, ಅದರ ತುಂಬ ಗೋಲಿಯಂಥ ದುಂಡನೆಯ ಚುಕ್ಕೆಗಳು. ಪೊಲೀಸ್ ಲೆಫ್ಟಿನೆಂಟ್ ಕರ್ಲಿಗಾಶ್ ಬೆಲ್ಟ್ ನಿಲ್ಲಿಸಿದಳು.

"ಈ ಚೀಲ ಯಾರದು?"

"ನಂದು ಮಗಳೇ. ಯಾಕೆ, ಕೂಗಿತಾ ನಿನ್ನ ಯಂತ್ರ? ಕೂಗಬಾರದು ಅಂತಲೇ ನಾಣ್ಯ ಎಲ್ಲ ಆರಿಸಿ ಮನೇಲೇ ಇಟ್ಟು ಬಂದಿದೀನಿ."

ಎಪ್ಪತ್ತೈದು ದಾಟಿದ ಮುದುಕಿ. ತಲೆಗೆ ಬಿಳಿಯ ವಸ್ತ್ರ, ಮೈಮೇಲೆ ಮದುವೆಮನೆಗೆ ಹೊರಟಂಥ ಮಖಮಲ್ಲಿನ ಕೋಟು, ಕಾಲಿಗೆ ಮಾತ್ರ ಯಾರದೋ ದೊಡ್ಡ ಅಳತೆಯ ಬೂಟು. ಕರ್ಲಿಗಾಶ್ ಒಳಚೀಲ ಬಿಚ್ಚಿದಳು. ಬೆಳ್ಳಿ ಕಾಗದದ ಚಾಕೊಲೇಟು, ಗಟ್ಟಿ ಮಿಠಾಯಿ, ನಡುನಡುವೆ ಒಣಗಿದ ಮೊಸರಿನ ಕುರ್ತ್ ಉಂಡೆಗಳು. ಇದು ಶುಭಕಾರ್ಯದಲ್ಲಿ ಹಿರಿಯರು ಹರಸಿ ಎರಚುವ ಶಾಶು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳ ಮದುವೆಯ ದಿನ ಅತ್ತೆ ತಲೆಯ ಮೇಲೆ ಎರಚಿದ ಶಾಶುವಿನಲ್ಲಿ ಒಂದು ಗಟ್ಟಿ ಮಿಠಾಯಿ ನೇರವಾಗಿ ಹುಬ್ಬಿಗೆ ಬಡಿದಿತ್ತು. ಮದುವೆಯ ಫೋಟೋಗಳೆಲ್ಲ ಇವತ್ತಿಗೂ ಎಡಬದಿಯಿಂದಲೇ.

"ಅಪಾ," ಎಂದಳು, ಹಿರಿಯ ಹೆಂಗಸರನ್ನು ಕರೆಯುವಂತೆ. "ಇದನ್ನ ಒಳಗೆ ಬಿಡೋ ಹಾಗಿಲ್ಲ. ಪಟ್ಟಿಯಲ್ಲಿ ಹದಿನೇಳನೇದು, ಎಸೆಯಬಹುದಾದ ವಸ್ತು."

"ಎಸೆಯೋಕೇ ತಂದಿರೋದು ಕಣೇ! ಎಸೆಯದೆ ನಾನೇ ಕೂತು ತಿನ್ನೋಕಾ? ನನಗೆಲ್ಲಿದೆ ಹಲ್ಲು?"

ಸಾಲಿನಲ್ಲಿ ಹಿಂದೆ ನಿಂತವರು ನಕ್ಕರು. ಅಲ್ಮಾಟಿ ನಗರದ ಮೇಲಿನ ಮೆದೆವು ಕಣಿವೆಯಲ್ಲಿ ಜನವರಿಯ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮೇಲೆ ಸ್ಕೇಟಿಂಗ್ ಅಂಗಳದ ಧ್ವನಿವರ್ಧಕ ಮೂರು ಭಾಷೆಗಳಲ್ಲಿ ಒಂದೇ ವಿಷಯವನ್ನು ಹೇಳುತ್ತಿತ್ತು: ಹೆಂಗಸರ ಸಾವಿರದೈನೂರು ಮೀಟರ್, ಹನ್ನೆರಡೂವರೆಗೆ. ಅಂತರರಾಷ್ಟ್ರೀಯ ಕೂಟವಾದ್ದರಿಂದ ನಗರದ ಅರ್ಧ ಪೊಲೀಸರು ಈ ಕಣಿವೆಯಲ್ಲಿದ್ದರು. ಉಳಿದರ್ಧ ಈ ಕಣಿವೆಯ ದಾರಿಯಲ್ಲಿ.

ಮುದುಕಿಯ ಹೆಸರು ಬಾತಿಮಾ. ಮೂವತ್ತು ವರ್ಷಗಳ ಹಿಂದೆ ಗಂಡನೊಂದಿಗೆ ಮಂಗೋಲಿಯಾದ ಬಾಯನ್-ಉಲ್ಗೀಯಿಂದ ಲಾರಿ ಹತ್ತಿ ಕಜಾಕ್ ಪೂರ್ವಜರ ನೆಲಕ್ಕೆ ಬಂದವಳು. ತಂಗಿ ಅಲ್ಲೇ ಉಳಿದಳು. ತಂಗಿಯ ಮಗಳ ಮದುವೆಗೆ ಇವಳು ಹೋಗಲಾಗಲಿಲ್ಲ, ಮೊಮ್ಮಗು ಹುಟ್ಟಿದಾಗ ಹೋಗಲಾಗಲಿಲ್ಲ, ಕೊನೆಗೆ ತಂಗಿಯನ್ನು ಮಣ್ಣು ಮಾಡುವಾಗಲೂ ಹೋಗಲಾಗಲಿಲ್ಲ. ಆ ಮೊಮ್ಮಗು, ಹತ್ತೊಂಬತ್ತರ ಮರ್ಜಾನ್, ಇವತ್ತು ಮಂಗೋಲಿಯಾದ ಪರವಾಗಿ ಓಡುತ್ತಿದ್ದಳು. ಓಟ ಮುಗಿಯುತ್ತಲೇ ಅವರ ತಂಡದ ಬಸ್ಸು ನೇರ ವಿಮಾನ ನಿಲ್ದಾಣಕ್ಕೆ.

"ಮೂರು ಶಾಶು ಬಾಕಿ ಇದೆ ಮಗಳೇ ನನ್ನ ಕೈಯಲ್ಲಿ," ಎಂದಳು ಬಾತಿಮಾ. "ಮದುವೇದು, ಮಗು ಹುಟ್ಟಿದ್ದು, ಇವತ್ತಿನ ಓಟದ್ದು. ಮೂರನ್ನೂ ಒಂದೇ ಚೀಲಕ್ಕೆ ತುಂಬಿಕೊಂಡು ಬಂದಿದೀನಿ."

ಸಾಲು ನಿಂತದ್ದನ್ನು ಕಂಡು ಕ್ಯಾಪ್ಟನ್ ಸಾವೆಲ್ಯೆವ್ ಬಂದ. ಈ ದ್ವಾರದ ಹೊಣೆ ಅವನದು. ಅಲ್ಮಾಟಿಯಲ್ಲೇ ಹುಟ್ಟಿ ಬೆಳೆದ ರಷ್ಯನ್. ಕಜಾಕ್ ಭಾಷೆಯನ್ನು ಅಂಗಡಿಯವರೊಂದಿಗೆ ಜಗಳವಾಡುವಷ್ಟು ಚೆನ್ನಾಗಿ ಬಲ್ಲವನು. ಬಾತಿಮಾ ಅವನನ್ನು ಮೇಲಿಂದ ಕೆಳಗೆ ನೋಡಿ, ಇಂಥ ಹೊತ್ತಿನಲ್ಲಿ ಕಜಾಕ್ ಹಿರಿಯರು ಯಾರಾದರೂ ಕೇಳುವುದನ್ನೇ ಕೇಳಿದಳು.

"ಯಾವ ಕುಲದವನಪ್ಪ ನೀನು?"

"ಸಾವೆಲ್ಯೆವ್, ಅಪಾ."

"ತಾಯಿ ಕಡೆ?"

"ಕುಜ್ನೆತ್ಸೊವ್."

ಕಜಾಕನಾಗಿದ್ದರೆ ಇಷ್ಟರಲ್ಲಿ ಅವಳು ಅವನಿಗೆ ಸೋದರತ್ತೆಯೋ ದೊಡ್ಡಮ್ಮನೋ ಆಗಿ, ದ್ವಾರ ತಾನಾಗಿಯೇ ತೆರೆಯುತ್ತಿತ್ತು. ಬಾತಿಮಾ ಒಂದು ಗಳಿಗೆ ನೆನಪನ್ನು ಜಾಲಾಡಿದಳು, ನಂಟು ಸಿಗಲಿಲ್ಲ. "ಹೋಗಲಿ ಬಿಡು, ಅದು ನಿನ್ನ ತಪ್ಪಲ್ಲ," ಎಂದು ಸಮಾಧಾನ ಹೇಳಿದಳು.

ಸಾವೆಲ್ಯೆವ್ ನಗಲಿಲ್ಲ. "ಅಪಾ, ಎರಡು ವರ್ಷದ ಹಿಂದೆ ಹೀಗೇ ಒಂದು ಪಂದ್ಯ. ಐಸ್ ಮೇಲೆ ಒಂದೇ ಒಂದು ಕೂದಲಿನ ಪಿನ್ನು ಬಿದ್ದಿತ್ತು. ಸ್ಟ್ರೆಚರ್ ಹಿಡಿದವನು ನಾನೇ. ಆ ಹುಡುಗಿ ಈಗಲೂ ಕುಂಟ್ತಾಳೆ. ನಿಮ್ಮ ಮಿಠಾಯಿ ಮೇಲೆ ನಿಮ್ಮ ಮೊಮ್ಮಗಳೇ ಕಾಲಿಟ್ರೆ?"

ಬಾತಿಮಾ ಚೀಲವನ್ನು ಎದೆಗವಚಿಕೊಂಡು ಸಾಲಿನಿಂದ ಹೊರಬಂದು ಬೇಲಿಯ ಪಕ್ಕದ ಬೆಂಚಿನಲ್ಲಿ ಕೂತಳು. ಚೀಲ ಇಲ್ಲೇ ಬಿಟ್ಟು ಒಳಗೆ ಹೋಗಿ ಎಂದರೂ ಕೇಳಲಿಲ್ಲ. "ಬರಿಗೈಲಿ ಹೋಗಿ ಅವಳ ಮುಖ ಹೇಗೆ ನೋಡಲಿ? ಇಲ್ಲೇ ಕೂತು ಮೈಕಿನಲ್ಲಿ ಹೆಸರು ಕೇಳಿಸ್ಕೊಂಡು ಹೋಗ್ತೀನಿ."

ಕರ್ಲಿಗಾಶ್ ಇನ್ನೂ ಆರು ಚೀಲ ಬಿಟ್ಟಳು. ಏಳನೆಯದು ಬರುವಾಗ ಅವಳಿಗೆ ತರಬೇತಿ ನೆನಪಾಯಿತು. ಬಾಂಬಿನ ಬಗ್ಗೆ ಒಂದು ತಾಸು, ಉಡುಗೊರೆಯ ಬಗ್ಗೆ ಮೂರು ತಾಸು ಹೇಳಿದ್ದರು. ವಿದೇಶಿ ನಿಯೋಗಕ್ಕೆ ಕೊಡುವ ಯಾವುದೇ ಉಡುಗೊರೆ ಶಿಷ್ಟಾಚಾರದ ಕಿಟಕಿಯ ಮೂಲಕ, ನಮೂನೆ ತುಂಬಿ, ಮೊಹರು ಹಾಕಿಸಿಕೊಂಡು ಒಳಗೆ ಹೋಗಬಹುದು. ಹದಿನೇಳನೇ ಅಂಶ ಅದಕ್ಕೆ ಅನ್ವಯಿಸದು. ಅವಳು ಜಾಗವನ್ನು ಜೊತೆಯವನಿಗೆ ಒಪ್ಪಿಸಿ ಮಂಗೋಲಿಯಾ ತಂಡಕ್ಕೆ ಫೋನು ಮಾಡಿದಳು.

ತಂಡದ ರಾಜತಾಂತ್ರಿಕ ಸಹಾಯಕ ತೊಮೊರ್ ನುಣುಪಾದ ಶೂಗಳಲ್ಲಿ ಜಾರುತ್ತ, ಆದರೆ ಘನತೆಯಿಂದ ಜಾರುತ್ತ ಬಂದ. ರಷ್ಯನ್ ಭಾಷೆಯನ್ನು ಪುಸ್ತಕದಿಂದ ಕಲಿತವನು. ಬಾಯನ್-ಉಲ್ಗೀಯಲ್ಲಿ ಎಲ್ಲರೂ ಕಜಾಕ್ ಆಡುವವರೇ ಆದ್ದರಿಂದ ಬಾತಿಮಾಗೆ ಮಂಗೋಲಿಯನ್ನೂ ಅಷ್ಟಕ್ಕಷ್ಟೇ, ರಷ್ಯನ್ನೂ ಅಷ್ಟಕ್ಕಷ್ಟೇ.

"ಗೌರವಾನ್ವಿತ ಹಿರಿಯರೇ, ತಮ್ಮ ಉಡುಗೊರೆಯನ್ನು ನಮ್ಮ ನಿಯೋಗವು ಹರ್ಷದಿಂದ ಸ್ವೀಕರಿಸುತ್ತದೆ."

"ಏನಂತಾನೆ ಇವನು?"

"ಆಯ್ತು ಅಂತಾನೆ ಅಪಾ," ಎಂದಳು ಕರ್ಲಿಗಾಶ್.

ಕಿಟಕಿಯ ಮುಂದೆ ನಮೂನೆ ತುಂಬುವ ಕೆಲಸ ನಡೆಯಿತು. ಕೊಡುವವರ ಹೆಸರು ಬರೆದಾಯಿತು. ಮುಂದಿನ ಕಲಂ: ಹುದ್ದೆ.

"ನಾನು ಸಹಕಾರ ಸಂಘದಲ್ಲಿ ಹಸು ಕರೀತಿದ್ದೆ. ಪದಕ ಬೇರೆ ಕೊಟ್ಟಿದ್ರು."

"ಈಗ?"

"ಈಗೇನು, ಅಜ್ಜಿ."

ಕರ್ಲಿಗಾಶ್ ಹಾಗೆಯೇ ಬರೆದಳು. ಉದ್ದೇಶ ಎಂಬಲ್ಲಿ 'ಹುಡುಗಿಯ ತಲೆಯ ಮೇಲೆ ಎರಚುವುದು' ಎಂದು ಬರೆದಾಗ ತೊಮೊರ್ ಕನ್ನಡಕ ಸರಿಪಡಿಸಿಕೊಂಡ. "ಕ್ಷಮಿಸಿ, ಇದನ್ನು 'ಕ್ರೀಡಾ ಸೌಹಾರ್ದ' ಎಂದು ಬದಲಿಸಬಹುದೇ?" ಬದಲಿಸಿದರು. ಪೊಲೀಸ್ ನಾಯಿ ಕುರ್ತ್ ಉಂಡೆಗಳನ್ನು ಮೂಸಿ, ಸೀನಿ, ತಕರಾರಿಲ್ಲವೆಂಬಂತೆ ಕೂತಿತು. ಚೀಲಕ್ಕೆ ಸೀಸದ ಮೊಹರು ಬಿತ್ತು.

ಬಾತಿಮಾ ಓಟ ನೋಡಿದಳು ಎನ್ನುವುದು ಕಷ್ಟ. ಬಿಗಿಯುಡುಪಿನಲ್ಲಿ, ತಲೆಗವುಸಿನಲ್ಲಿ ಎಲ್ಲ ಹುಡುಗಿಯರೂ ಒಂದೇ ಥರ ಬಾಗಿ, ಒಂದೇ ಥರ ಕೈಬೀಸಿ ಹೋಗುತ್ತಿದ್ದರು. ಅವಳು ಎಲ್ಲರಿಗೂ ಸಮನಾಗಿ ಒಳ್ಳೆಯದನ್ನು ಕೋರಿದಳು.

"ಮುಗೀತಾ? ಬಿದ್ಳಾ?"

"ಇಲ್ಲ ಅಪಾ. ಹನ್ನೊಂದನೇ ಸ್ಥಾನ."

"ಬೀಳಲಿಲ್ಲ ತಾನೇ? ಹಾಗಾದ್ರೆ ಗೆದ್ದಳು."

ಕ್ರೀಡಾಪಟುಗಳು ಹೊರಬರುವ ಓಣಿಯ ಬಾಯಲ್ಲಿ ಉಡುಗೊರೆ ಹಸ್ತಾಂತರದ ಜಾಗವಿತ್ತು: ರಬ್ಬರಿನ ಹಾಸು, ಎರಡು ನೀಲಿ ಸೋಫಾ, ಒಂದಿಷ್ಟು ಧ್ವಜ. ಮೂವರೂ ಅಲ್ಲಿಗೆ ಬಂದರು. ಬಾತಿಮಾ ಚೀಲಕ್ಕೆ ಕೈ ಚಾಚಿದಳು. ತೊಮೊರ್ ನಮೂನೆಯ ಹಿಂಬದಿ ಓದುತ್ತಿದ್ದವನು ಚೀಲವನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ.

"ಬಹಳ ವಿಷಾದದ ಸಂಗತಿ. ಸ್ವೀಕರಿಸಿದ ಉಡುಗೊರೆಯನ್ನು ನೀಡಿದವರಿಗೇ ಹಿಂದಿರುಗಿಸತಕ್ಕದ್ದಲ್ಲ ಎಂದಿದೆ. ಇದು ಈಗ ನನ್ನ ದೇಶದ ಸ್ವತ್ತು. ಅಗತ್ಯವಿದ್ದಲ್ಲಿ ನಾನೇ ಎರಚಬಲ್ಲೆ."

ಕರ್ಲಿಗಾಶ್ ಅನುವಾದಿಸಿದಳು. ಬಾತಿಮಾ ಅವನನ್ನು ದಿಟ್ಟಿಸಿದಳು.

"ನೀನಾ? ಮೊಮ್ಮಕ್ಕಳಿದಾರಾ ನಿನಗೆ?"

"ಇಲ್ಲ. ವಿವಾಹವೇ ಆಗಿಲ್ಲ."

"ನಿನ್ನ ಕೈಯಿಂದ ಬಿದ್ರೆ ಹುಡುಗಿಗೆ ಏನು ಬಂದೀತು ಮಗಾ? ಟೈ ಕಟ್ಕೊಂಡು ಒಂಟಿ ತಿರುಗೋ ಭಾಗ್ಯವಾ?"

ಕರ್ಲಿಗಾಶ್ ಇದನ್ನು ಅನುವಾದಿಸಲಿಲ್ಲ. ಆದರೂ ತೊಮೊರನ ಕಿವಿ ಕೆಂಪಾಯಿತು. ಓಣಿಯ ಒಳಗಿಂದ ಹುಡುಗಿಯರ ಮಾತು ಕೇಳಿಸತೊಡಗಿತು. ಹೊರಗೆ ಬಸ್ಸಿನ ಎಂಜಿನ್ ಚಾಲೂ ಆಗಿತ್ತು. ಬಾತಿಮಾಳ ಚಾಚಿದ ಕೈ ಹಾಗೆಯೇ ಇತ್ತು. ಮಡಚಿಕೊಳ್ಳುವುದನ್ನು ಅದು ಮರೆತಂತಿತ್ತು.

ಹಿಂದಿನಿಂದ ಬೂಟಿನ ಸದ್ದಾಯಿತು. ಸಾವೆಲ್ಯೆವ್. ಐಸಿನ ಅಂಚಿನಿಂದ ಹಾಸಿನವರೆಗೆ ಹೆಜ್ಜೆ ಹಾಕಿ ಅಳೆಯುತ್ತ ಬರುತ್ತಿದ್ದ. "ಇಪ್ಪತ್ತೆರಡು, ಇಪ್ಪತ್ತಮೂರು. ಇಲ್ಲಿಂದ ಐಸಿಗೆ ಹಾರಲ್ಲ," ಎಂದು ನಿಂತು, ಜೇಬಿನಿಂದ ಇನ್ನೊಂದು ನಮೂನೆ ತೆಗೆದು ತೊಮೊರನ ಕೈಗಿತ್ತ. ಅದರಲ್ಲಿ ಅವನ ಸಹಿ ಆಗಲೇ ಬಿದ್ದಿತ್ತು.

"ಹಿಂದಿರುಗಿಸಬಾರದು, ನಿಜ. ಆದರೆ ಪ್ರತಿ-ಉಡುಗೊರೆ ಕೊಡಬಾರದು ಅಂತ ಎಲ್ಲೂ ಇಲ್ಲ. ನಿಮ್ಮ ನಿಯೋಗದಿಂದ ಈ ಅಜ್ಜಿಗೆ. ವಸ್ತು: ಮಿಠಾಯಿ."

ತೊಮೊರ್ ಕಾಗದವನ್ನು ಎರಡು ಸಲ ಓದಿದ. ಮುಖ ಅರಳಿತು. "ಉತ್ತರವಿಲ್ಲದ ಉಡುಗೊರೆ ನಮ್ಮ ಇಲಾಖೆಯಲ್ಲೂ ಅಸಭ್ಯವೆನಿಸುತ್ತದೆ," ಎಂದು ಸಹಿ ಹಾಕಿ, ಎರಡೂ ಕೈಗಳಿಂದ, ತಲೆ ಬಾಗಿಸಿ, ಚೀಲವನ್ನು ಮುದುಕಿಗೆ ಒಪ್ಪಿಸಿದ.

"ಹಾಸಿನ ಮೇಲೆ ಮಾತ್ರ, ಅಪಾ," ಎಂದ ಸಾವೆಲ್ಯೆವ್. "ಮತ್ತೆ, ಮೇಲಕ್ಕೆ ಎಸೀರಿ. ಮುಖಕ್ಕಲ್ಲ."

"ನನಗೆ ಹೇಳಿಕೊಡ್ತಾನೆ ನೋಡು, ಕುಜ್ನೆತ್ಸೊವ್!" ಎಂದಳು ಬಾತಿಮಾ, ಹಲ್ಲಿಲ್ಲದ ಬಾಯಲ್ಲಿ ಮೊಹರು ಕಚ್ಚಲು ಹೋಗಿ. ಕೊನೆಗೆ ಕರ್ಲಿಗಾಶ್ ಅದನ್ನು ಕತ್ತರಿಸಿಕೊಟ್ಟಳು.

ಹುಡುಗಿಯರು ಹಿಂಡಾಗಿ ಬಂದರು. ನಾಲ್ಕಾರು ದೇಶದವರು, ಹೆಗಲಿಗೆ ಚೀಲ, ಕೆನ್ನೆ ಕೆಂಪು. ಯಾರು ಮರ್ಜಾನ್ ಎಂದು ಹೇಳಲು ಕರ್ಲಿಗಾಶ್ ಬಾಯಿ ತೆರೆದಳು. ಬೇಕಾಗಲಿಲ್ಲ. ನಡುವಿನ ಒಬ್ಬಳು ತಲೆಗವುಸು ತೆಗೆದು ಕಿವಿಯ ಹಿಂದೆ ಕೂದಲು ಸರಿಸಿಕೊಂಡಳು, ಅಷ್ಟೇ. ಬಾತಿಮಾ "ಅಯ್ಯೋ, ನನ್ನ ತಂಗೀದೇ ಕಿವಿ," ಎಂದಳು ಮೆಲ್ಲಗೆ. ಆಮೇಲೆ ಮೆಲ್ಲಗೆ ಏನೂ ಆಗಲಿಲ್ಲ.

ಮೊದಲ ಹಿಡಿ ತೊಲೆಗಳವರೆಗೆ ಹಾರಿತು. ಎರಡನೆಯದು, ಮೂರನೆಯದು. ಬೆಳ್ಳಿ ಕಾಗದ ಮಿಂಚುತ್ತ ಎಲ್ಲರ ತಲೆ, ಹೆಗಲು, ಧ್ವಜಗಳ ಮೇಲೆ ಸುರಿಯಿತು. ಯಾವುದೋ ತಂಡದ ಭದ್ರತಾ ಸಿಬ್ಬಂದಿಯೊಬ್ಬ ಒಂದು ಹೆಜ್ಜೆ ಮುಂದೆ ನುಗ್ಗಿ, ಕಾಲಬುಡದಲ್ಲಿ ಚಾಕೊಲೇಟು ಕಂಡು ಅಲ್ಲೇ ನಿಂತ. ಸ್ವಯಂಸೇವಕರು ಕೂಗುತ್ತ ನೆಲಕ್ಕೆ ಬಾಗಿದರು. ಶಾಶು ಆರಿಸಿಕೊಂಡವರ ಮನೆಗೂ ಅದೇ ಸಂತೋಷ ಬರಬೇಕಲ್ಲ. ಅವರನ್ನು ನೋಡಿ ವಿದೇಶದ ಹುಡುಗಿಯರೂ ಬಾಗಿದರು. ತೊಮೊರ್ ಟೈಯನ್ನು ಹೆಗಲ ಮೇಲೆ ಹಾಕಿಕೊಂಡು ಸೋಫಾದ ಕೆಳಗೆ ಕೈ ತೂರಿಸಿದ್ದ.

ಮರ್ಜಾನ್ ಮಾತ್ರ ಬಾಗಲಿಲ್ಲ. ಬಾತಿಮಾ ಬರಿದಾದ ಚೀಲವನ್ನು ಬಿಟ್ಟು ಅವಳ ತಲೆಯನ್ನು ಎರಡೂ ಕೈಗಳಲ್ಲಿ ಹಿಡಿದು ಹಣೆಯನ್ನು ಮೂಸಿದಳು, ದೀರ್ಘವಾಗಿ, ಮೂರು ಸಲ.

"ಬೆವರು ಅಜ್ಜಿ," ಎಂದಳು ಹುಡುಗಿ ಅಳುತ್ತ ನಗುತ್ತ.

"ಇರಲಿ ಬಿಡೇ."

ಹತ್ತು ನಿಮಿಷದ ಬಳಿಕ ಕರ್ಲಿಗಾಶ್ ಮತ್ತೆ ಪರದೆಯ ಮುಂದಿದ್ದಳು. ಬಸ್ಸು ಹತ್ತುವ ತಂಡಗಳ ಚೀಲಗಳನ್ನೂ ನೋಡಿಯೇ ಬಿಡಬೇಕು. ಸಾವೆಲ್ಯೆವ್ ಹಾಸನ್ನೆಲ್ಲ ಟಾರ್ಚ್ ಹಿಡಿದು ತಡಕಾಡಿ ಬಂದು ಅವಳ ಬೆನ್ನಹಿಂದೆ ನಿಂತಿದ್ದ. ಬೆಲ್ಟ್ ಸರಿಯಿತು. ಉದ್ದನೆಯ ಸ್ಕೇಟುಗಳ ಅಲಗು, ನೀರಿನ ಬಾಟಲಿ, ಮೂಲೆಯಲ್ಲಿ ಒಂದು ದುಂಡನೆಯ ಚುಕ್ಕೆ. ಮುಂದಿನ ಚೀಲ: ಅಲಗು, ಬಾಟಲಿ, ಎರಡು ಚುಕ್ಕೆ. ಅದರ ಹಿಂದೆ ಇನ್ನಾವುದೋ ದೇಶದ್ದು, ಅದರಲ್ಲೂ ಒಂದು.

ಅವಳು ತಿರುಗಿ ನೋಡಿದಳು. ಸಾವೆಲ್ಯೆವನ ಒಂದು ಕೆನ್ನೆ ಉಬ್ಬಿತ್ತು. ಅವನು ಗಂಭೀರವಾಗಿ ತಲೆಯಾಡಿಸಿದ. ಬೆಲ್ಟ್ ಮುಂದಕ್ಕೆ ಸಾಗಿತು.