ಹಸಿ ಬಣ್ಣದ ಮೇಲಿನ ಕೈ

ಅಕ್ಕನ ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ವಾಟರ್ ಪೇಪರ್ ಎಂಬ ಒರಟು ಮರಳುಕಾಗದ ಹಿಡಿದು ಕಾರುಗಳ ಮೈ ಉಜ್ಜಿ ಉಜ್ಜಿ ಎಲ್ಲ ಸವೆದುಹೋಗಿದ್ದವು. ಹಳೇ ಬಣ್ಣದ ಮೇಲೆ ಹೊಸ ಬಣ್ಣ ಹಿಡಿಯಬೇಕಾದರೆ ಮೊದಲು ಹಳೆಯದರ ಹೊಳಪು ಹೋಗಬೇಕು. ಉಜ್ಜುವುದು ಇವಳ ಕೆಲಸ, ಗನ್ನು ಹಿಡಿದು ಬಣ್ಣ ಹೊಡೆಯುವುದು ಇವಳ ಗಂಡನ ಕೆಲಸ. ಶೆಡ್ಡಿನಲ್ಲಿ ಎಲ್ಲರಿಗೂ ಇವಳು ಅಕ್ಕ, ಅವನು ಭಾವ. ಮಾಲೀಕನಿಗೆ ಮಾತ್ರ ಇವಳು ‘ಏಯ್’.

ಆ ವಾರ ಬಂದದ್ದು ಒಬ್ಬ ಸಾಹುಕಾರರ ಅಜ್ಜನ ಕಾಲದ ಕಾರು. ಉದ್ದ ಮೂಗು, ಗುಂಡು ದೀಪ. ಭಾನುವಾರ ಹಳೇ ಕಾರುಗಳ ಮೆರವಣಿಗೆ ಇತ್ತು.

“ಪೂರ್ತಿ ಕೆರೆದು ಹಾಕ್ಬೇಡಿ ಮತ್ತೆ,” ಎಂದರು ಸಾಹುಕಾರರು. “ಅಜ್ಜ ಹೊಡೆಸಿದ್ದ ಬಣ್ಣ ಅದು, ಒಳಗೇ ಇರ್ಲಿ. ಅದರ ಮೇಲೇ ಹೊಡೀರಿ. ಬಣ್ಣಕ್ಕೂ ಜೀವ ಇರುತ್ತೆ ಕಣಮ್ಮ, ನೋಯಿಸ್ಬಾರ್ದು.”

ಎಂಥ ಕರುಳು ನೋಡಿ! ಅಕ್ಕ ತಲೆಯಾಡಿಸಿ, ಬಕೆಟ್ಟಿಗೆ ನೀರು ತುಂಬಿ, ಆ ಕಾರನ್ನು ಮಗುವಿಗೆ ಎರೆದ ಹಾಗೆ ಮೆತ್ತಗೆ ಉಜ್ಜಿದಳು.

ಬಣ್ಣ ಹೊಡೆಯುವ ಕೋಣೆ ಶೆಡ್ಡಿನ ಹಿಂಭಾಗದಲ್ಲಿತ್ತು. ಕಿಟಕಿಗೆ ಪ್ಲಾಸ್ಟಿಕ್ ಹಾಳೆ, ಸಂದುಗಳಿಗೆಲ್ಲ ಟೇಪು. ಹೊಗೆ ಎಳೆಯುವ ಫ್ಯಾನು ಕೆಟ್ಟು ಎಷ್ಟೋ ಕಾಲವಾಗಿತ್ತು. ಮಾಲೀಕ ಅದನ್ನು ರಿಪೇರಿ ಮಾಡಿಸುವ ಗೋಜಿಗೆ ಹೋಗಲಿಲ್ಲ. ತಿರುಗಿದರೆ ಧೂಳೆಬ್ಬಿಸುತ್ತದೆ, ಧೂಳು ಬಣ್ಣಕ್ಕೆ ಅಂಟುತ್ತದೆ. ಒಳಗಿರುವವನ ಎದೆಗೆ ಏನು ಅಂಟುತ್ತದೆ ಎನ್ನುವುದು ಮಾಲೀಕನ ತಲೆನೋವಾಗಿರಲಿಲ್ಲ.

“ಅಣ್ಣಾ, ಆ ಹೊಗೆ ಸೋಸೋ ಡಬ್ಬಿ ಇರೋ ಮಾಸ್ಕ್ ಒಂದು ತರಿಸ್ಕೊಡಿ ಅಂದಿದ್ದೆ,” ಎಂದ ಭಾವ, ಮಾಲೀಕನಿಗೆ.

“ಕರ್ಚೀಫ್ ಇಲ್ವಾ? ಒದ್ದೆ ಮಾಡಿ ಕಟ್ಕೋ. ನಿಮ್ಮಪ್ಪ ಏನು ಮಾಸ್ಕ್ ಹಾಕ್ಕೊಂಡೇ ಹುಟ್ಟಿದ್ನಾ?”

ಅಕ್ಕ ಗಂಡನ ತೋಳು ಹಿಡಿದಳು. “ಇವತ್ತು ಬೇಡ ಕಣ್ರೀ. ಬೆಳಗ್ಗೆಯಿಂದ ಒಂದೇ ಸಮ ಕೆಮ್ತಾ ಇದ್ದೀರ.”

“ಬೇಡ ಅಂದ್ರೆ ನಾಳೆ ನನ್ನ ಜಾಗದಲ್ಲಿ ಬೇರೆಯೋನು ನಿಂತಿರ್ತಾನೆ. ಸುಮ್ನಿರು, ಕೊನೇ ಕೋಟು.”

ಅವನು ಒಳಗೆ ಹೋದ. ಬಣ್ಣ ಒಣಗುವ ಮುಂಚೆ ಯಾರೂ ಬಾಗಿಲು ತೆಗೆಯದಿರಲೆಂದು ಮಾಲೀಕ ಹೊರಗಿನಿಂದ ಚಿಲಕ ಹಾಕಿ, ಅಲ್ಲೇ ಕುರ್ಚಿ ಹಾಕಿಕೊಂಡು ಕೂತ.

ಗನ್ನಿನ ಸದ್ದು, ಕೆಮ್ಮು. ಮತ್ತೆ ಗನ್ನಿನ ಸದ್ದು. ಆಮೇಲೆ ಕೆಮ್ಮು ಮಾತ್ರ. ತಗಡಿನ ಮೇಲೆ ಏನೋ ಧೊಪ್ಪೆಂದಿತು.

ಅಕ್ಕ ಓಡಿ ಬಂದಳು. ಮಾಲೀಕ ಎದ್ದು ಬಾಗಿಲಿಗೆ ಅಡ್ಡ ನಿಂತ. “ಹಸಿ ಇದೆ! ಈಗ ತೆಗೆದ್ರೆ ಧೂಳು ಕೂರುತ್ತೆ. ಸ್ವಲ್ಪ ತಡಿ, ತಾನೇ ಸುಧಾರಿಸ್ಕೋತಾನೆ.”

“ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ, ತೆಗೀರಿ.”

ಬಿದ್ದಳು ಕೂಡ. ಅವನು ಕಾಲು ಹಿಂದಕ್ಕೆ ಎಳೆದುಕೊಂಡನೇ ಹೊರತು ಕದಲಲಿಲ್ಲ. ಕೊನೆಗೆ ತಗಡು ಬಡಿಯುವ ಟಿಂಕರ್ ಸುತ್ತಿಗೆ ಹಿಡಿದೇ ಬಂದು ಅವನನ್ನು ಪಕ್ಕಕ್ಕೆ ತಳ್ಳಿ ಚಿಲಕ ತೆಗೆದ.

ಭಾವ ಬಂಪರಿಗೆ ಒರಗಿ ಬಿದ್ದಿದ್ದ. ಬೀಳುವಾಗ ಆಸರೆಗೆಂದು ಬಾನೆಟ್ಟು ಹಿಡಿದಿದ್ದ. ಹಸಿ ಬಣ್ಣದಲ್ಲಿ ಅಂಗೈ ಮೂಡಿ, ಐದೂ ಬೆರಳು ಕೆಳಗಿನ ತನಕ ಜಾರಿದ್ದವು. ಬೆರಳು ಹೋದ ದಾರಿಯಲ್ಲಿ ಅಜ್ಜನ ಕಾಲದ ಬಣ್ಣ ಕಾಣುತ್ತಿತ್ತು.

ಆಸ್ಪತ್ರೆಯ ದಾರಿಯಲ್ಲೇ ಜೀವ ಹೋಯಿತು.

ಮಣ್ಣು ಮಾಡಿ ಬಂದ ಮಾರನೇ ದಿನವೇ ಮಾಲೀಕ ಅಕ್ಕನ ಮನೆ ಬಾಗಿಲಿಗೆ ಬಂದ. ದನಿ ಬೆಣ್ಣೆಯಾಗಿತ್ತು.

“ಆಗಿದ್ದು ಆಗೋಯ್ತು ಅಕ್ಕ. ಅವನಿಗೆ ಮೊದ್ಲೇ ಎದೆ ಸರಿ ಇರ್ಲಿಲ್ಲ ಅಂತ ಡಾಕ್ಟರ್ ಹತ್ರ ನಾನೇ ಹೇಳಿದ್ದೀನಿ. ಬಾನೆಟ್ ಒಂದು ಉಜ್ಜಿಕೊಡು. ಪಕ್ಕದ ಶೆಡ್ಡಿನೋನು ಮೇಲೊಂದು ಕೋಟು ಹೊಡೆದ್ರೆ ಏನೂ ಕಾಣಲ್ಲ.”

“ಏನು ಕಾಣಲ್ಲ?”

“ಅದೇ... ಆ ಕಲೆ.”

ಅಕ್ಕ ಎದ್ದು ಅವನ ಹಿಂದೆ ನಡೆದಳು. ಶೆಡ್ಡಿನಲ್ಲಿ ಬಕೆಟ್ಟು, ಪೇಪರು ಆಗಲೇ ಸಿದ್ಧವಾಗಿದ್ದವು. ಅವಳು ಬಾನೆಟ್ಟಿನ ಮೇಲಿನ ಆ ಕೈಮೇಲೆ ತನ್ನ ಕೈಯಿಟ್ಟಳು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಒತ್ತರಿಸಿ ಬಂತು.

“ಉಜ್ಜಲ್ಲ,” ಎಂದಳು.

“ಹುಚ್ಚು ಹಿಡೀತಾ? ಏಯ್, ನೀನು ಬಾರೇ ಇಲ್ಲಿ,” ಮಾಲೀಕ ಇನ್ನೊಬ್ಬ ಉಜ್ಜುವವಳನ್ನು ಕರೆದ. ಅವಳು ಕೈಕಟ್ಟಿ ನಿಂತಳು. ಅವಳ ಪಕ್ಕದವಳೂ ಕೈಕಟ್ಟಿದಳು.

“ಸರಿ, ಉಜ್ಜೋದೇ ಬೇಡ. ಹಾಗೇ ಮೇಲೆ ಹೊಡೆದುಬಿಡು,” ಎಂದ, ಅಲ್ಲೇ ಕಾದು ನಿಂತಿದ್ದ ಪಕ್ಕದ ಶೆಡ್ಡಿನ ಪೇಂಟರಿಗೆ.

ಪೇಂಟರ್ ಬಾನೆಟ್ಟು ನೋಡಿದ, ಆ ಕೋಣೆ ನೋಡಿದ. “ನೀವೇ ಒಳಗೆ ಹೋಗಿ ಹೊಡೀರಿ ಅಣ್ಣಾ. ಹೊರಗಿಂದ ಚಿಲಕ ನಾವು ಹಾಕ್ತೀವಿ.”

ಆಗ ಟಿಂಕರ್ ಕಾರಿನ ಹಿಂದೆ ಹೋಗಿ ಹೆಗಲು ಕೊಟ್ಟ. ಉಜ್ಜುವ ಹೆಂಗಸರೂ ಸೇರಿದರು. ಎಲ್ಲರೂ ಕಾರನ್ನು ತಳ್ಳಿ ನಡುಬೀದಿಯ ಬಿಸಿಲಿಗೆ ತಂದು ನಿಲ್ಲಿಸಿದರು. ಹೋಗುವವರು, ಬರುವವರು ನಿಂತರು.

“ಯಾರ ಕೈ ಇದು?” ಒಬ್ಬ ಕೇಳಿದ.

“ನನ್ನ ಗಂಡಂದು. ಬಾಗಿಲು ತೆಗೀಲಿಲ್ಲ, ಸತ್ತುಹೋದ್ರು,” ಎಂದಳು ಅಕ್ಕ. ಕೇಳಿದವರಿಗೆಲ್ಲ ಅದನ್ನೇ ಹೇಳಿದಳು.

“ಟಾರ್ಪಾಲು ತಂದು ಮುಚ್ರೋ!” ಮಾಲೀಕ ಕೂಗುತ್ತಿದ್ದ. ಯಾರೂ ಅಲ್ಲಾಡಲಿಲ್ಲ. ಕೊನೆಗೆ ತಾನೇ ಹೊತ್ತು ತಂದ. ಅಷ್ಟರಲ್ಲಿ ಬೀದಿಯ ಅಷ್ಟೂ ಶೆಡ್ಡುಗಳ ಜನ ಬಾನೆಟ್ಟಿನ ಸುತ್ತ ನಿಂತಿದ್ದರು, ಅವನಿಗೆ ಕಾರಿನ ಹತ್ತಿರ ಹೋಗಲು ದಾರಿಯಿರಲಿಲ್ಲ.